ಪಟ್ಟಿಗಿಂತ ಒಂದು ಜಾಸ್ತಿ

ಜೂನ್ ಮಳೆ ಶುರುವಾದರೆ ಎಲ್ಲರಿಗೂ ಮಣ್ಣಿನ ವಾಸನೆ ಬರುತ್ತದಂತೆ. ನನಗೆ ಬರುವುದು ಗಂಜಿಯ ವಾಸನೆ. ಅಜ್ಜಿ ನನ್ನ ಪುಸ್ತಕಗಳಿಗೆ ಬೈಂಡ್ ಹಾಕಿ, ಲೇಬಲ್ಲುಗಳನ್ನು ಅನ್ನದ ಅಗುಳಿನಿಂದ ಅಂಟಿಸುತ್ತಿದ್ದರು. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಯಾವುದು ಬೇಗ ಒಣಗುತ್ತದೆ ಹೇಳಿ? ಒಲೆಯ ಪಕ್ಕ ಸಾಲಾಗಿ ನಿಲ್ಲಿಸಿದ ನೋಟ್‌ಬುಕ್ಕುಗಳು, ಮೇಲೆ ಹಗ್ಗದಲ್ಲಿ ತೂಗುವ ಒದ್ದೆ ಯೂನಿಫಾರ್ಮು, ಖಾಕಿ ಪೇಪರು, ಹೊಗೆ, ಗಂಜಿ. ಇಷ್ಟು ಸೇರಿದರೆ ನನಗೆ ಶಾಲೆ ಶುರು. ಲೇಬಲ್ಲಿನ ಅಂಚಿಗೆ ವಾರದೊಳಗೆ ಬೂಷ್ಟು ಹಿಡಿಯುತ್ತಿತ್ತು. ಟೀಚರ್ ಬೈದರೂ ಅಜ್ಜಿ ಗಂಜಿ ಬಿಟ್ಟು ಅಂಗಡಿಯ ಗೋಂದಿಗೆ ಬರಲಿಲ್ಲ.

ಅವರದ್ದೊಂದು ಹರಕೆ ಇತ್ತು. ಒಂದನೇ ಕ್ಲಾಸಿನಲ್ಲಿ ನನಗೆ ಟೈಫಾಯ್ಡ್ ಬಂದು, ಬದುಕುವುದೇ ಕಷ್ಟ ಅನ್ನುವಂತಾಗಿತ್ತಂತೆ. ಆಗ ಪಾದುವಾದ ಸಂತ ಅಂತೋಣಿಯವರಿಗೆ ಹೇಳಿಕೊಂಡದ್ದು. ಅಂತೋಣಿಯವರ ರೊಟ್ಟಿಯ ಕತೆ ನಿಮಗೂ ಗೊತ್ತಿರುತ್ತದೆ. ನೀರಿನಲ್ಲಿ ಮುಳುಗಿದ ಮಗು ಬದುಕಿ ಬಂದರೆ ಅದರ ತೂಕದಷ್ಟು ಗೋಧಿಯನ್ನು ಬಡವರಿಗೆ ಕೊಡುತ್ತೇನೆ ಎಂದು ತಾಯಿ ಬೇಡಿಕೊಂಡಳು, ಮಗು ಎದ್ದು ಕೂತಿತು. ನಮ್ಮ ತುಲಾಭಾರದ ಹಾಗೇ ಅಲ್ವಾ? ಆದರೆ ಅಜ್ಜಿಯ ಮನೆಯಲ್ಲಿ ಅಷ್ಟೊಂದು ಇರಲಿಲ್ಲ. "ನಿನ್ನ ತೂಕದ ಅಕ್ಕಿ ಕೊಟ್ಟರೆ ಆಮೇಲೆ ನಾವೇ ಬೇಡಬೇಕಾಗುತ್ತೆ ಮಾರಾಯ್ತಿ" ಅನ್ನುತ್ತಿದ್ದರು. ಅದಕ್ಕೇ ಸಂತರ ಹತ್ತಿರ ಸ್ವಲ್ಪ ಚೌಕಾಸಿ ಮಾಡಿದ್ದರು. ಪ್ರತಿ ವರ್ಷ ಶಾಲೆಯ ಪಟ್ಟಿಯಲ್ಲಿ ಇರುವುದಕ್ಕಿಂತ ಒಂದು ಜಾಸ್ತಿ ಕೊಳ್ಳುವುದು. ಆರು ನೋಟ್‌ಬುಕ್ ಬೇಕಿದ್ದರೆ ಏಳು.

ಆ ಏಳನೆಯದಕ್ಕೇ ಮೊದಲು ಬೈಂಡ್. ಹಳೇ ಕ್ಯಾಲೆಂಡರಿನ ದಪ್ಪ, ನುಣುಪು ಹಾಳೆ ಅದಕ್ಕೆ, ಖಾಕಿ ಪೇಪರು ನನಗೆ. ಲೇಬಲ್ ಅಂಟಿಸಿ ಹೆಸರು ಬರೆಯದೆ ಖಾಲಿ ಬಿಡುತ್ತಿದ್ದರು. ಜೂನ್ 13ರ ಅಂತೋಣಿಯವರ ಹಬ್ಬದವರೆಗೆ ಅದು ಸಂತರ ಪಟದ ಮುಂದೆ. ಮಾರನೇ ದಿನ ನನ್ನ ಚೀಲಕ್ಕೆ. ಕ್ಲಾಸಿನಲ್ಲಿ ಯಾರಿಗೆ ಇಲ್ಲವೋ ಅವರಿಗೆ ಕೊಡಬೇಕು. ಯಾರಿಗೆ ಕೊಟ್ಟೆ ಎಂದು ಮನೆಯಲ್ಲಿ ಹೇಳುವಂತಿಲ್ಲ, ಅಜ್ಜಿಗೂ.

"ನಿಂಗೂ ಹೇಳಬಾರದಾ ಅಜ್ಜಿ?"

"ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸುಸ್ವಾಮಿ ಹೇಳಿದ್ದಾರೆ. ನಾನು ನಿನ್ನ ಎಡಗೈ ಅಂದ್ಕೋ."

ಇಲ್ಲಿ ಒಂದು ತಪ್ಪೊಪ್ಪಿಗೆ. ನಾಲ್ಕನೇ ಕ್ಲಾಸಿನಲ್ಲಿ ಆ ನೋಟ್‌ಬುಕ್ಕನ್ನು ನಾನೇ ಇಟ್ಟುಕೊಂಡೆ. ಕ್ಯಾಲೆಂಡರ್ ಹಾಳೆಯಲ್ಲಿ ಗುಲಾಬಿ ಹೂವಿತ್ತು, ಕೊಡಲು ಮನಸ್ಸು ಬರಲಿಲ್ಲ. ಅಜ್ಜಿ ನೋಡಿರಬೇಕು, ನಮ್ಮ ಮನೆ ಅಷ್ಟು ದೊಡ್ಡದಲ್ಲ. ಆದರೆ ಕೇಳಲಿಲ್ಲ. ಅವರೇ ಮಾಡಿದ ನಿಯಮ, ಕೇಳುವುದಾದರೂ ಹೇಗೆ? ಮುಂದಿನ ಜೂನ್‌ನಲ್ಲಿ ಎಂಟು ನೋಟ್‌ಬುಕ್ ತಂದಿದ್ದರು.

ಈ ವರ್ಷ ಶಾಲೆ ಶುರುವಾದ ಮೇಲೆ ಮಗಳನ್ನು ಕರೆದುಕೊಂಡು ಶಿವಮೊಗ್ಗದ ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯಕ್ಕೆ (ಕೆಥೆಡ್ರಲ್ ಚರ್ಚಿಗೆ) ಬಲಿಪೂಜೆಗೆ, ಅಂದರೆ ಮಾಸ್‌ಗೆ, ಹೋಗಿದ್ದೆ. ಜೂನ್ ಯೇಸುವಿನ ಪವಿತ್ರ ಹೃದಯದ ತಿಂಗಳು. ಹೊರಗೆ ಎಡೆಬಿಡದ ಮಳೆ, ಒಳಗೆ ಒದ್ದೆ ಕೊಡೆಗಳ ರಾಶಿ. ಅಷ್ಟು ಎತ್ತರದ ದೇವಾಲಯದಲ್ಲಿ ಕೂತು ನಾನು ಯೋಚಿಸುತ್ತಿದ್ದದ್ದು ಒಬ್ಬ ಹುಡುಗನ ಬುತ್ತಿಯನ್ನು. ಯೇಸು ಜನರಿಗೆಲ್ಲ ಹಂಚಿದ ಐದು ರೊಟ್ಟಿ, ಎರಡು ಮೀನಿನ ಕತೆ ಬೈಬಲ್ಲಿನ ನಾಲ್ಕೂ ಶುಭಸಂದೇಶಗಳಲ್ಲಿದೆ. ಆದರೆ ಅವು ಒಬ್ಬ ಹುಡುಗನದ್ದು ಎಂದು ಹೇಳುವುದು ಅವುಗಳನ್ನು ಬರೆದ ನಾಲ್ವರಲ್ಲಿ ಯೊವಾನ್ನರು ಮಾತ್ರ. ಜವೆಗೋಧಿಯ ರೊಟ್ಟಿ ಅಂತಲೂ ಬರೆದಿದ್ದಾರೆ, ಅಂದರೆ ಬಡವರ ಊಟ. ಐದು ಸಾವಿರ ಗಂಡಸರು ಉಂಡರು, ಹನ್ನೆರಡು ಬುಟ್ಟಿ ಉಳಿಯಿತು. ಎಲ್ಲ ಲೆಕ್ಕವೂ ಇದೆ, ಹುಡುಗನ ಹೆಸರು ಮಾತ್ರ ಇಲ್ಲ. ಅವನ ಲೇಬಲ್ಲೂ ಖಾಲಿ.

ಈಗ ಕೊಡುವವರಿಗೆ ಕೊರತೆ ಇಲ್ಲ. ಜೂನ್ ಬಂತೆಂದರೆ ಊರ ತುಂಬ ಫ್ಲೆಕ್ಸು. ಒಂದು ಕಡೆ ನಾನೇ ಕಂಡೆ, ಹಂಚುತ್ತಿದ್ದ ನೋಟ್‌ಬುಕ್ಕಿನ ರಟ್ಟಿನ ಮೇಲೆ ಕೊಟ್ಟವರ ಫೋಟೋ. ಪಡೆದ ಮಗು ವರ್ಷವಿಡೀ ಅವರ ಮುಖ ಹೊತ್ತು ಶಾಲೆಗೆ ಹೋಗಬೇಕು. ಮೊದಲ ದಿನ ಸಾಲಿನಲ್ಲಿ ನಿಂತು, ಕ್ಯಾಮೆರಾ ನೋಡಿ ನಗಲೂ ಬೇಕು. ಪುಸ್ತಕ ಸಿಕ್ಕಿದ್ದು ಒಳ್ಳೆಯದೇ, ಬೇಡ ಅನ್ನಲು ನಾನ್ಯಾರು. ಆದರೂ ಹೊಟ್ಟೆಯಲ್ಲಿ ಏನೋ ಚುರುಕ್ ಅನ್ನುತ್ತದೆ. ನಮ್ಮ ಕ್ರೈಸ್ತರಲ್ಲಿ ಇದು ಇಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಬೇರೆಯವರನ್ನು ಅಂದು ಏನು? ಅಜ್ಜಿಯ ಹರಕೆಯನ್ನು ನಾನೇ ಬಿಟ್ಟಿದ್ದೆ. ಈಗ ಮಗಳ ಶಾಲೆಯಿಂದಲೇ ಎಣಿಸಿ ಕಟ್ಟಿದ ಸೆಟ್ ಬರುತ್ತದೆ, ಬೈಂಡ್ ಸಮೇತ. ಒಂದು ಜಾಸ್ತಿ ಕೊಳ್ಳುವ ಮಾತೇ ಬರುವುದಿಲ್ಲ. ಅಜ್ಜಿಯ ಕತೆ ಮಾತ್ರ ಮಗಳಿಗೆ ರಾತ್ರಿ ಮಲಗುವಾಗ ಹೇಳುತ್ತಿದ್ದೆ, ಸುಮ್ನೆ.

ಶಾಲೆ ಶುರುವಾದ ಎರಡನೇ ವಾರ ಮಗಳು ತೊಪ್ಪೆಯಾಗಿ ಮನೆಗೆ ಬಂದಳು. ಕೊಡೆ ಇಲ್ಲ. ಹೊಸ ಕೊಡೆ, ಗುರುತಿಗೆ ಇರಲಿ ಎಂದು ಹಿಡಿಗೆ ನಾನೇ ಕೆಂಪು ಉಣ್ಣೆ ದಾರ ಕಟ್ಟಿದ್ದೆ. "ಎಲ್ಲೋ ಬಿಟ್ಟೆ ಅಮ್ಮ" ಅಂದಳು. ಅಷ್ಟಕ್ಕೇ ಅವಳಿಗೆ ಚೆನ್ನಾಗಿ ಬೈದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಜೂನ್ 13ಕ್ಕೆ ಅಂತೋಣಿಯವರ ಪಟದ ಮುಂದೆ ಮೇಣದಬತ್ತಿ ಹಚ್ಚಿ ನಾನು ಕೇಳಿಕೊಂಡದ್ದು ಆ ಕೊಡೆಯನ್ನು! ಕಳೆದದ್ದನ್ನು ಹುಡುಕಿಕೊಡುವ ಸಂತರಲ್ಲವೇ. ಅವರ ಕೀರ್ತನೆಗಳ ಪುಸ್ತಕವನ್ನು ಎತ್ತಿಕೊಂಡು ಹೋಗಿದ್ದ ಹುಡುಗನೇ, ಅವರು ಪ್ರಾರ್ಥಿಸಿದ ಮೇಲೆ, ತಿರುಗಿ ಬಂದು ಕೊಟ್ಟನಂತೆ. ನನ್ನ ಇನ್ನೂರು ಚಿಲ್ಲರೆ ರೂಪಾಯಿಯ ಕೊಡೆ ಯಾವ ಲೆಕ್ಕ?

ಮುಂದಿನ ಮಂಗಳವಾರ ನೊವೇನ ಪ್ರಾರ್ಥನೆಗೆ ಹೋಗಿದ್ದೆ. 1231ರಲ್ಲಿ ತೀರಿಕೊಂಡ ಅಂತೋಣಿಯವರನ್ನು ಮಣ್ಣು ಮಾಡಿದ್ದು ಮಂಗಳವಾರ, ಹಾಗಾಗಿ ಅದು ಅವರ ವಾರ. ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ರಸ್ತೆಯ ಆಚೆ ಮಗಳ ಶಾಲೆಯದೇ ಯೂನಿಫಾರ್ಮಿನ ಒಬ್ಬ ಹುಡುಗಿ ಹೋಗುತ್ತಿದ್ದಳು. ಪಕ್ಕದಲ್ಲಿ ಪುಟ್ಟ ತಮ್ಮ. ಒಂದೇ ಕೊಡೆ. ತಮ್ಮನ ಕಡೆಗೇ ವಾಲಿಸಿ ಹಿಡಿದಿದ್ದರಿಂದ ಅವಳ ಒಂದು ಭುಜ ಪೂರ್ತಿ ನೆನೆದಿತ್ತು. ಹಿಡಿಯಲ್ಲಿ ಕೆಂಪು ದಾರ.

ಕಾಲು ರಸ್ತೆಗೆ ಇಟ್ಟೂ ಇಟ್ಟಿದ್ದೆ. ಅಷ್ಟರಲ್ಲಿ ಬಸ್ಸೊಂದು ಅಡ್ಡ ಬಂತು. ಅದು ಹೋಗುವಷ್ಟರಲ್ಲಿ ನಾನು ಹಿಂದೆ ಸರಿದು ನಿಂತಿದ್ದೆ.

ಮಗಳು ಕೊಟ್ಟದ್ದೋ, ಅವಳು ಬಿಟ್ಟು ಬಂದದ್ದು ಆ ಹುಡುಗಿಗೆ ಸಿಕ್ಕಿದ್ದೋ? ಮನೆಗೆ ಹೋಗಿ ಕೇಳಲಿಲ್ಲ. ಎಡಗೈಯಾಗುವ ಸರದಿ ಈಗ ನನ್ನದು. ಆ ಸಂಜೆ ಗಾಂಧಿ ಬಜಾರಿಗೆ ಹೋಗಿ ಎರಡು ಕೊಡೆ ತಂದೆ. ಒಂದನ್ನು ಸಂತರ ಪಟದ ಮುಂದೆ ಇಟ್ಟೆ, ಒಂದನ್ನು ಮಗಳಿಗೆ ಕೊಟ್ಟೆ. ಅವಳು ಹಿಡಿಯನ್ನು ತಿರುಗಿಸಿ ನೋಡಿ, "ದಾರ ಕಟ್ಟಲ್ವಾ ಅಮ್ಮ?" ಅಂದಳು.

"ಬೇಡ" ಅಂದೆ.