30 ಗಂಟೆಗಳ ಕಲಿಕೆ: ನೇತ್ರತಜ್ಞರ ಸಮ್ಮೇಳನ, ಕ್ರೆಡಿಟ್ ಅವರ್ ಮತ್ತು ನಮ್ಮ ಜಿಲ್ಲೆಯ ಕಣ್ಣುಗಳು

ನೋಂದಾಯಿತ ವೈದ್ಯರೆಲ್ಲರೂ ಪ್ರತಿ 5 ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳಷ್ಟು ಕಾಲ ನಿರಂತರ ವೈದ್ಯಕೀಯ ಶಿಕ್ಷಣದ ಸಭೆಗಳಲ್ಲಿ ಭಾಗವಹಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರ ವೃತ್ತಿ ನಡತೆಯ ನಿಯಮಾವಳಿಯಲ್ಲಿಯೇ ಹೇಳಿತ್ತು. 2023ರ ಆಗಸ್ಟ್‌ನಲ್ಲಿ ಆ ಪರಿಷತ್ತಿನ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಾವಳಿಯನ್ನು ಪ್ರಕಟಿಸಿತಾದರೂ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದು 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. ನಮ್ಮ ರಾಜ್ಯದಲ್ಲಿ ಈ ಗಂಟೆಗಳ ಲೆಕ್ಕ ಇಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು; ನೋಂದಣಿಯನ್ನು ನವೀಕರಿಸಿಕೊಳ್ಳಲು ಹೋದಾಗ ಈ ಕ್ರೆಡಿಟ್ ಅವರ್‌ಗಳ ಪ್ರಮಾಣಪತ್ರಗಳನ್ನು ತೋರಿಸಬೇಕಾಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಕಣ್ಣಿನ ವೈದ್ಯವೃತ್ತಿ ನಡೆಸುತ್ತಿರುವ ನನ್ನನ್ನು, ಹೊಸದಾಗಿ ಈ ಜಿಲ್ಲೆಗೆ ಬಂದ ಕಿರಿಯ ನೇತ್ರತಜ್ಞರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಈ ಗಂಟೆಗಳನ್ನು ಎಲ್ಲಿ, ಹೇಗೆ ಗಳಿಸುವುದು? ಅವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಗಂಟೆಗಳ ಸಂಖ್ಯೆ ತುಂಬುವುದು ಕಷ್ಟವಲ್ಲ. ಆ ಗಂಟೆಗಳಲ್ಲಿ ಯಾವ ಸಭಾಂಗಣದಲ್ಲಿ ಕುಳಿತೆವು ಎಂಬುದೇ ಮುಖ್ಯ ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ವಿಧಾನದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಸಮ್ಮೇಳನ ನಡೆಸುವ ಸಂಘವು ಮುಂಚಿತವಾಗಿ ವೈದ್ಯಕೀಯ ಪರಿಷತ್ತಿಗೆ ಅರ್ಜಿ ಸಲ್ಲಿಸಿ ಕಾರ್ಯಕ್ರಮಕ್ಕೆ ಮಾನ್ಯತೆ ಪಡೆದಿರಬೇಕು. ಎಷ್ಟು ಕ್ರೆಡಿಟ್ ಅವರ್ ಸಿಗುತ್ತದೆ ಎಂಬುದನ್ನು ಪರಿಷತ್ತೇ ನಿರ್ಧರಿಸುತ್ತದೆ, ಮತ್ತು ಕಾರ್ಯಕ್ರಮ ಕ್ರಮವಾಗಿ ನಡೆಯುತ್ತಿದೆಯೇ ಎಂದು ನೋಡಲು ಪರಿಷತ್ತಿನ ಪರವಾಗಿ ವೀಕ್ಷಕರು ಬರುತ್ತಾರೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಆಹ್ವಾನ ಪತ್ರಿಕೆಯಲ್ಲಿ ಮಾನ್ಯತೆಯ ಉಲ್ಲೇಖವಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಸಂಘಟಕರಿಗೆ ಕರೆ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. ಹೆಸರು ನೋಂದಾಯಿಸುವಾಗ ಪರಿಷತ್ತಿನ ದಾಖಲೆಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಇನಿಷಿಯಲ್ ಸಹಿತ, ನೋಂದಣಿ ಸಂಖ್ಯೆಯೊಡನೆ ಬರೆಯಬೇಕು. ಮದುವೆಯ ನಂತರ ಹೆಸರು ಬದಲಾಯಿಸಿಕೊಂಡ ಸಹೋದ್ಯೋಗಿಗಳಿಗೆ ಇಲ್ಲಿ ತೊಡಕಾಗುವುದುಂಟು. ಹಾಜರಿಯನ್ನು ಆಯಾ ದಿನವೇ ಹಾಕಿ, ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅದರ ಒಂದು ನಕಲನ್ನು ಬೇರೆ ಕಡತದಲ್ಲಿ ಇಟ್ಟುಕೊಂಡರೆ ನವೀಕರಣದ ಹೊತ್ತಿಗೆ ಹುಡುಕಾಟ ತಪ್ಪುತ್ತದೆ.

ಖರ್ಚಿನ ಬಗ್ಗೆಯೂ ಒಂದು ಮಾತು. 2009ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯ ಪ್ರಕಾರ ಸಮ್ಮೇಳನಗಳಿಗೆ ಹೋಗಲು ಔಷಧ ಕಂಪನಿಗಳಿಂದ ಪ್ರಯಾಣ ಮತ್ತು ವಸತಿಯ ಸೌಲಭ್ಯ ಪಡೆಯುವಂತಿಲ್ಲ. ಇದು ಸರಿಯಾದ ನಿಯಮವೇ. ಕಂಪನಿಯ ಹಣದಲ್ಲಿ ಹೋಗಿ ಬಂದ ಮೇಲೆ ರೋಗಿಗೆ ಚೀಟಿ ಬರೆಯುವ ಕೈ ಎಷ್ಟು ಸ್ವತಂತ್ರವಾಗಿ ಉಳಿದೀತು? ಆದರೆ ಈ ನಿಯಮವನ್ನು ಮನಃಪೂರ್ವಕವಾಗಿ ಒಪ್ಪುವ ಸಣ್ಣ ಊರಿನ ವೈದ್ಯರಿಗೆ ಪ್ರತಿಯೊಂದು ಸಮ್ಮೇಳನವೂ ಸ್ವಂತ ಖರ್ಚಿನ, ಓಪಿಡಿ ಮುಚ್ಚಿ ಹೋಗಬೇಕಾದ ಪ್ರಯಾಣವಾಗಿರುತ್ತದೆ. ಶಿರಸಿಗೆ ರೈಲಿಲ್ಲ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಬೆಳಿಗ್ಗೆ ಸಭಾಂಗಣ ಸೇರಬೇಕು. ಕಾರವಾರದವರಿಗೆ ಪಂಚಗಂಗಾ ರೈಲಿದೆ, ಆದರೆ ಅದಕ್ಕೂ ಇಡೀ ರಾತ್ರಿ ಬೇಕು. ಇಷ್ಟು ಕಷ್ಟಪಟ್ಟು ಹೋದವರು ತಮ್ಮ ಗಂಟೆಗಳನ್ನು ಎಚ್ಚರಿಕೆಯಿಂದ ಆರಿಸಿಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕಾಗಿಯೇ.

ರಾಜ್ಯ ಮಟ್ಟದ ಸಮ್ಮೇಳನವೊಂದರಲ್ಲಿ ಏಕಕಾಲಕ್ಕೆ ಹಲವು ಸಭಾಂಗಣಗಳಲ್ಲಿ ಉಪನ್ಯಾಸಗಳು ನಡೆಯುತ್ತವೆ. ಹೊಸ ಮಾದರಿಯ ಮಸೂರಗಳು, ಲೇಸರ್ ಯಂತ್ರಗಳು, ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಗಳು ಇರುವ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಅವುಗಳನ್ನು ತಿಳಿಯುವುದು ಬೇಡವೆಂದಲ್ಲ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನಿಟ್ಟರು. 1967ರಲ್ಲಿ ಚಾರ್ಲ್ಸ್ ಕೆಲ್ಮನ್, ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನವನ್ನು ಬಳಕೆಗೆ ತಂದರು. ಹೀಗಿದ್ದೂ ನಮ್ಮ ಹಿರಿಯ ತಲೆಮಾರಿನ ಅನೇಕ ವೈದ್ಯರು ಕಾಲೇಜಿನಲ್ಲಿ ಕಲಿತದ್ದು ಪೊರೆ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುವುದನ್ನೇ. ಡಾ. ಎಂ. ಸಿ. ಮೋದಿಯವರ ಶಿಬಿರಗಳಲ್ಲಿ ದೃಷ್ಟಿ ಮರಳಿ ಪಡೆದವರು ಆ ದಪ್ಪ ಕನ್ನಡಕಗಳನ್ನು ಧರಿಸಿಯೇ ಲೋಕವನ್ನು ಕಂಡರು. ಆ ತಲೆಮಾರಿನ ವೈದ್ಯರು ನಡುವಯಸ್ಸಿನಲ್ಲಿ ಕೈಪಳಗಿದ ವಿಧಾನವನ್ನು ಬಿಟ್ಟು ಮಸೂರ ಇಡುವುದನ್ನು, ಆಮೇಲೆ ಹೊಲಿಗೆಯಿಲ್ಲದ ಸಣ್ಣ ಗಾಯದ ಶಸ್ತ್ರಚಿಕಿತ್ಸೆಯನ್ನು ಹೊಸದಾಗಿ ಕಲಿತದ್ದು ಇಂಥ ಸಮ್ಮೇಳನಗಳಲ್ಲಿ ಮತ್ತು ಕಾರ್ಯಾಗಾರಗಳಲ್ಲಿ. 2015ರಿಂದ 2019ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿಯೂ 50 ದಾಟಿದವರ ಅಂಧತ್ವಕ್ಕೆ ಪೊರೆಯೇ ಕಾರಣವಾಗಿದ್ದದ್ದು ಶೇಕಡಾ 66.2ರಷ್ಟು ಪ್ರಕರಣಗಳಲ್ಲಿ. ಹಾಗಾಗಿ ಪೊರೆಯ ಉಪನ್ಯಾಸಗಳಿಗೆ ಜನ ಸೇರುವುದು ಸಹಜ.

ಆದರೂ ನಮ್ಮ ಜಿಲ್ಲೆಯ ವೈದ್ಯರು ಕಾರ್ನಿಯಾ ವಿಭಾಗದ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ ಕಾಯಿಲೆಗಳ ಸಭಾಂಗಣಕ್ಕೆ ತಪ್ಪದೆ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅದಕ್ಕೆ ಕಾರಣ ನಮ್ಮ ಅಡಿಕೆ ತೋಟಗಳಲ್ಲಿದೆ.

ಮಳೆಗಾಲದಲ್ಲಿ ಕೊಳೆರೋಗ ತಡೆಯಲು ತೋಟಿಗರು ಬೋರ್ಡೋ ದ್ರಾವಣ ಹೊಡೆಸುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣ. ಮರದ ಮೇಲಿಂದ ಔಷಧಿ ಹೊಡೆಯುವ ಕೊನೆಗೌಡನಿಗೂ, ಕೆಳಗೆ ಪೈಪು ಹಿಡಿದು ಮೇಲೆ ನೋಡುತ್ತ ನಿಲ್ಲುವವನಿಗೂ ಹನಿ ಕಣ್ಣಿಗೆ ಬೀಳುವುದು ಹೊಸತಲ್ಲ. ಅದಕ್ಕಿಂತ ಅಪಾಯವಾದದ್ದು ಸುಣ್ಣ ಅರಳಿಸುವಾಗ ಸಿಡಿಯುವ ಗಟ್ಟಿ ಸುಣ್ಣ. ಕವಳ ಹಾಕುವ ಮನೆಗಳಲ್ಲಿ ಮಕ್ಕಳು ಸುಣ್ಣದ ಪ್ಯಾಕೆಟ್ಟನ್ನು ಹಿಚುಕಿ ಕಣ್ಣಿಗೆ ಹಾರಿಸಿಕೊಳ್ಳುವುದೂ ಇದೇ ಬಗೆಯ ಅಪಘಾತ. ಆಮ್ಲ ಬಿದ್ದರೆ ಮೇಲ್ಪದರದ ಪ್ರೊಟೀನ್ ಹೆಪ್ಪುಗಟ್ಟಿ ಅದೇ ಒಂದು ತಡೆಯಾಗುವುದುಂಟು. ಕ್ಷಾರವಾದ ಸುಣ್ಣವಾದರೋ ಕೊಬ್ಬನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ.

ಕಾರ್ನಿಯಾ ಸಭಾಂಗಣದಲ್ಲಿ ನೋಡಿದ ಒಂದು ವಿಡಿಯೋ ನನ್ನ ಕೆಲಸದ ರೀತಿಯನ್ನೇ ತಿದ್ದಿತು. ಚೆನ್ನಾಗಿ ತೊಳೆದು ಬಂದಿದೆಯೆಂದು ತೋರುವ ಕಣ್ಣು. ಮೇಲಿನ ರೆಪ್ಪೆಯನ್ನು ಒಮ್ಮೆ ಮಗುಚಿದಾಗಲೂ ಒಳಗೆ ಏನೂ ಕಾಣಿಸಲಿಲ್ಲ. ಉಪನ್ಯಾಸಕರು ರೆಪ್ಪೆ ಎತ್ತುವ ಉಪಕರಣದಿಂದ ಅದನ್ನು ಇನ್ನೊಂದು ಸುತ್ತು ಮಗುಚಿದರು. ಆಗ ಮೇಲಿನ ಮಡಿಕೆಯ ಆಳದಲ್ಲಿ ಅಂಟಿಕೊಂಡಿದ್ದ ಅಕ್ಕಿನುಚ್ಚಿನಷ್ಟು ಬಿಳಿಯ ಸುಣ್ಣದ ಕಣವೊಂದು ಕಂಡಿತು. ಆ ಕಣ ಅಲ್ಲಿರುವವರೆಗೆ ಎಷ್ಟು ನೀರು ಹಾಕಿದರೂ ಕ್ಷಾರ ಒಸರುತ್ತಲೇ ಇರುತ್ತದೆ. ಹತ್ತಿಕಡ್ಡಿಯಿಂದ ಅದನ್ನು ತೆಗೆದು, ಕನಿಷ್ಠ ಅರ್ಧ ಗಂಟೆ ಸಲೈನಿನಿಂದ ತೊಳೆದು, ಕ್ಷಾರ ಇನ್ನೂ ಉಳಿದಿದೆಯೇ ಎಂದು ತೋರಿಸುವ ಪಿಎಚ್ ಪಟ್ಟಿಯನ್ನು ಕೆಳರೆಪ್ಪೆಯೊಳಗೆ ಮುಟ್ಟಿಸಿ ನೋಡಿ, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕೆಂದು ಅವರು ತೋರಿಸಿದರು.

ಮುಂದಿನ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ಕೃಷಿಕರೊಬ್ಬರು ಬಂದರು. "ಮನೇಲೇ ಚಲೋ ತೊಳ್ಕೊಂಡೇ ಬಂದೇನೆ ಡಾಕ್ಟ್ರೇ, ಆದ್ರೂ ಉರಿ ನಿಲ್ತಾ ಇಲ್ಲ" ಎಂದರು. ರೆಪ್ಪೆಯನ್ನು ಎರಡು ಸುತ್ತು ಮಗುಚಿದಾಗ ಅದೇ ಜಾಗದಲ್ಲಿ, ಅದೇ ಬಗೆಯ ಕಣ ಇತ್ತು. ಅವರ ಕಣ್ಣು ಉಳಿಯಿತು. ಆ ಉಪನ್ಯಾಸ ನನ್ನ ಪ್ರಮಾಣಪತ್ರದ ಗಂಟೆಗಳಲ್ಲಿ ಎಷ್ಟು ಪಾಲು ಎಂದು ಲೆಕ್ಕ ಹಾಕಲು ಬರುವುದಿಲ್ಲ, ಆದರೆ ಅದಕ್ಕಾಗಿ ಮಾಡಿದ ಪ್ರಯಾಣದ ಬಗ್ಗೆ ನನಗೆ ಅಪಾರ ಕೃತಜ್ಞತೆಯಿದೆ.

ಅದೇ ಸಭಾಂಗಣದಲ್ಲಿ ಸುಟ್ಟ ಗಾಯವನ್ನು ಅಳೆಯುವ ಕ್ರಮವನ್ನೂ ಹೇಳಿಕೊಟ್ಟರು. 2001ರಲ್ಲಿ ನೇತ್ರತಜ್ಞ ದುವಾ ಅವರು ರೂಪಿಸಿದ ವರ್ಗೀಕರಣದಲ್ಲಿ ಕರಿಗುಡ್ಡೆಯ ಅಂಚಿನ ಎಷ್ಟು ಭಾಗ ಹಾಳಾಗಿದೆ ಎಂಬುದನ್ನು ಗಡಿಯಾರದ ಗಂಟೆಗಳಂತೆ ಎಣಿಸುತ್ತಾರೆ. ಕಾರ್ನಿಯಾದ ಮೇಲ್ಪದರವನ್ನು ಜೀವನಪೂರ್ತಿ ಹೊಸದಾಗಿಸುವ ಮೂಲಕೋಶಗಳು ಇರುವುದು ಈ ಅಂಚಿನಲ್ಲಿ. ಅವು ಪೂರ್ತಿ ನಾಶವಾದ ಕಣ್ಣಿಗೆ ಈ ಹಿಂದೆ ಕೊಡಬಹುದಾದ ಆಸೆ ಕಡಿಮೆಯಿತ್ತು. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಅವರ ತಂಡದವರು 2012ರಲ್ಲಿ ಸ್ಲೆಟ್ ಎಂಬ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ರೋಗಿಯ ಇನ್ನೊಂದು ಆರೋಗ್ಯವಂತ ಕಣ್ಣಿನ ಅಂಚಿನಿಂದ ಸುಮಾರು 2 ಮಿಲಿಮೀಟರ್ ಚೌಕದ ಚೂರನ್ನು ತೆಗೆದು, ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಮಾಡಿ, ಗರ್ಭದಲ್ಲಿ ಶಿಶುವನ್ನು ಸುತ್ತಿರುವ ಪೊರೆಯಾದ ಆಮ್ನಿಯಾನ್ ಹಾಸಿದ ಕಣ್ಣಿನ ಮೇಲೆ ಅಂಟಿಸುತ್ತಾರೆ. ಕೋಶಗಳನ್ನು ಬೆಳೆಸಲು ಪ್ರಯೋಗಾಲಯ ಬೇಕಿಲ್ಲ. 2012ಕ್ಕಿಂತ ಮೊದಲು ಸ್ನಾತಕೋತ್ತರ ಪದವಿ ಮುಗಿಸಿದವರ ಪಠ್ಯದಲ್ಲಿ ಇದು ಇರಲು ಸಾಧ್ಯವೇ ಇಲ್ಲ. ಶಿರಸಿಯಲ್ಲಿ ಕುಳಿತ ನಾನು ಈ ಶಸ್ತ್ರಚಿಕಿತ್ಸೆ ಮಾಡದಿರಬಹುದು, ಆದರೆ ಇಂಥದೊಂದು ದಾರಿಯಿದೆ ಎಂದು ತಿಳಿದಿದ್ದರೆ ಮಾತ್ರ "ಇನ್ನು ಏನೂ ಮಾಡಲಿಕ್ಕಾಗದು" ಎಂಬ ಮಾತು ನನ್ನ ಬಾಯಿಂದ ಬರುವುದು ತಪ್ಪುತ್ತದೆ.

ಬೆಳೆಯ ಕೆಲಸದಲ್ಲಿ ಕಸಕಡ್ಡಿ ತಾಗಿ ಆಗುವ ಶಿಲೀಂಧ್ರದ ಹುಣ್ಣಿನ ವಿಷಯವೂ ಇಷ್ಟೇ ಮುಖ್ಯ. ಭತ್ತದ ಗರಿ, ಅಡಿಕೆ ಸಿಪ್ಪೆಯ ನಾರು, ದರಕು ತಾಗಿದ ಕಣ್ಣಿಗೆ ಮನೆಯಲ್ಲಿ ನಂದಿಬಟ್ಟಲು ಹೂವಿನ ರಸ ಬಿಡುತ್ತಾರೆ, ಆಮೇಲೆ ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಇರುವ ಹನಿ ತರುತ್ತಾರೆ. ಸ್ಟೀರಾಯ್ಡ್‌ನಿಂದ ಎರಡು ದಿನ ಕೆಂಪು ಇಳಿದು ಹಿತವೆನಿಸುತ್ತದೆ, ಅಷ್ಟರಲ್ಲಿ ಶಿಲೀಂಧ್ರ ಆಳಕ್ಕೆ ಹೋಗಿರುತ್ತದೆ. ಹುಣ್ಣಿನ ಅಂಚನ್ನು ಕೆರೆದು, ಗಾಜಿನ ಮೇಲೆ ಹರಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಅಲ್ಲಿಯೇ ಕಾಣಿಸುತ್ತವೆ. ತಾಲೂಕು ಊರಿನಲ್ಲಿಯೂ ಮಾಡಬಹುದಾದ ಪರೀಕ್ಷೆ ಇದು. 2013ರಲ್ಲಿ ಪ್ರಕಟವಾದ ಮಟ್ ಎಂಬ, ಶಿಲೀಂಧ್ರದ ಹುಣ್ಣಿನ ಔಷಧಿಗಳನ್ನು ಹೋಲಿಸಿದ ಅಧ್ಯಯನ ನಡೆದದ್ದು ನಮ್ಮ ದಕ್ಷಿಣ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ. ಹೊಸದಾದ ವೊರಿಕೊನಜೋಲ್ ಹನಿಗಿಂತ ಹಳೆಯ ನಟಾಮೈಸಿನ್ ಹನಿಯೇ, ವಿಶೇಷವಾಗಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಹುಣ್ಣುಗಳಲ್ಲಿ, ಮೇಲೆಂದು ಅದು ತೋರಿಸಿಕೊಟ್ಟಿತು. ಹೊಸದೆಲ್ಲ ಹೆಚ್ಚು ಒಳ್ಳೆಯದು ಎಂದು ಮಾರಾಟ ಪ್ರತಿನಿಧಿ ಹೇಳುವಾಗ ಎದುರಿಗೆ ಇಡಬಹುದಾದ ಇಂಥ ಪುರಾವೆ ಸಿಗುವುದೂ ಸಮ್ಮೇಳನದಲ್ಲಿಯೇ.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾ (ಅಕ್ಷಿಪಟಲ) ಕಾಯಿಲೆಯ ಬಗ್ಗೆ ಇರುವ ಅಧಿವೇಶನವನ್ನು ನಮ್ಮಂಥ ಊರಿನವರು ಬಿಡಲೇಬಾರದು. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕು, ತಡವಾದರೆ ಮತ್ತೆ ಸಿಗದ ದೃಷ್ಟಿ ಅದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರೇ ಊರೂರಿಗೆ ಹೋಗಿ ಶಿಶುಗಳ ರೆಟಿನಾದ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಘಟ್ಟ ಇಳಿದು ಹತ್ತಿ ಮಗುವನ್ನು ಒಯ್ಯಲಾಗದ ತಂದೆತಾಯಿಗಳಿರುವ ಜಿಲ್ಲೆಗೆ ಇಂಥ ವ್ಯವಸ್ಥೆಯ ಬೆಲೆ ಬೇರೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಸಂಘಟಕರಲ್ಲಿ ಮತ್ತು ಪರಿಷತ್ತಿನಲ್ಲಿ ನನ್ನ ವಿನಂತಿ ಒಂದೇ. ಕ್ರೆಡಿಟ್ ಇರುವ ಸಣ್ಣ ಕಾರ್ಯಕ್ರಮಗಳು ನಮ್ಮ ಜಿಲ್ಲೆಯಲ್ಲಿಯೇ ನಡೆಯಲಿ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಸಭಾಂಗಣವೂ ಬೋಧಕರೂ ಅಲ್ಲಿಯೇ ಸಿಗುತ್ತಾರೆ. ಭಟ್ಕಳ, ಹೊನ್ನಾವರ, ಅಂಕೋಲಾ ಮತ್ತು ಶಿರಸಿಯವರಿಗೆ ನಡುವಿನ ಊರು ಕುಮಟಾ. ಹಳಿಯಾಳ, ಯಲ್ಲಾಪುರದವರಿಗೆ ಹುಬ್ಬಳ್ಳಿಯೇ ಹತ್ತಿರವಾದ್ದರಿಂದ ಅವರು ಅತ್ತ ಹೋಗುವುದೂ ಸರಿಯೇ. ಅರ್ಧ ದಿನದ ಕಾರ್ಯಕ್ರಮ ಸಾಕು: ಒಂದು ಉಪನ್ಯಾಸ, ಉಳಿದ ಹೊತ್ತೆಲ್ಲ ನಮ್ಮ ನಮ್ಮ ಓಪಿಡಿಯಲ್ಲಿ ಬಂದ ಕಠಿಣ ಪ್ರಕರಣಗಳ ಚರ್ಚೆ. ದೊಡ್ಡ ಸಮ್ಮೇಳನದಲ್ಲಿ ನೂರಾರು ಜನರ ನಡುವೆ ಎದ್ದು ನಿಂತು ಪ್ರಶ್ನೆ ಕೇಳಲು ಹಿಂಜರಿಯುವ ಕಿರಿಯ ವೈದ್ಯರು ಇಂಥ ಸಭೆಯಲ್ಲಿ ಮನಬಿಚ್ಚಿ ಮಾತನಾಡುವುದನ್ನು ನಾನು ಬಲ್ಲೆ.

ಮೊದಲ ಸಭೆಗೆ ಸುಣ್ಣದ ಗಾಯವನ್ನೇ ವಿಷಯವಾಗಿ ಇಡಬೇಕೆಂದು ಕೆಲವು ಸಹೋದ್ಯೋಗಿಗಳೊಡನೆ ಮಾತನಾಡಿದ್ದೇನೆ. ಅದು ಮೇ ತಿಂಗಳಲ್ಲಿ, ಔಷಧಿ ಹೊಡೆಯುವ ಹಂಗಾಮು ಶುರುವಾಗುವ ಮೊದಲು ನಡೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕರೆಯಬೇಕು, ಏಕೆಂದರೆ ಗಾಯವಾದ ಮೊದಲ ಗಂಟೆಯಲ್ಲಿ ಆ ಕಣ್ಣನ್ನು ನೋಡುವವರು ಅವರೇ. ರೆಪ್ಪೆಯನ್ನು ಎರಡು ಸುತ್ತು ಮಗುಚುವುದನ್ನು ಪ್ರತಿಯೊಬ್ಬರೂ ಸ್ವತಃ ಮಾಡಿ ನೋಡುವಂತೆ, ಪಿಎಚ್ ಪಟ್ಟಿಗಳ ಒಂದು ಡಬ್ಬಿಯನ್ನು ಪ್ರತಿ ಕೇಂದ್ರಕ್ಕೂ ಕೊಟ್ಟು ಕಳಿಸುವಂತೆ ಯೋಜಿಸಿದ್ದೇವೆ. ಮಾನ್ಯತೆಯ ಅರ್ಜಿಯನ್ನು ಸಾಕಷ್ಟು ಮುಂಚಿತವಾಗಿ ಸಲ್ಲಿಸಬೇಕಾಗಿರುವುದರಿಂದ, ಜಿಲ್ಲೆಯ ನೇತ್ರತಜ್ಞರಲ್ಲಿ ಯಾರು ಪ್ರಕರಣ ಮಂಡಿಸಲು ಸಿದ್ಧರಿದ್ದೀರೋ ಅವರು ಈ ಚಳಿಗಾಲ ಮುಗಿಯುವುದರೊಳಗೆ ನನಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.