ಕ್ಲಾಸಿಗಿಂತ ಕ್ಲಾಸುಗಳ ನಡುವಿನ ಹೊತ್ತೇ ಕಷ್ಟ

ನನ್ನ ಮಗಳು ಆಟಿಸ್ಟಿಕ್, ಅಂದರೆ ಆಟಿಸಂ (ಸ್ವಲೀನತೆ) ಇರುವವಳು. ಈ ವರ್ಷ ಕಾಲೇಜಿಗೆ ಸೇರಿದ್ದಾಳೆ. ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ, ಓದು ನಿಭಾಯಿಸ್ತಾಳಾ ಅಂತ. ಓದಿನ ಬಗ್ಗೆ ನನಗೆ ಅಷ್ಟು ಚಿಂತೆ ಇರಲಿಲ್ಲ. ಇಷ್ಟದ ವಿಷಯ ಕೈಗೆ ಸಿಕ್ಕರೆ ಅವಳಿಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ನನ್ನ ಚಿಂತೆ ಬೇರೆ ಇತ್ತು. ಹತ್ತು ಗಂಟೆಯ ಕ್ಲಾಸು ಇಲ್ಲ ಅಂತ ಬಾಗಿಲ ಮೇಲೆ ಚೀಟಿ ಅಂಟಿಸಿದ್ದರೆ ಹನ್ನೊಂದರವರೆಗೆ ಅವಳು ಎಲ್ಲಿರುತ್ತಾಳೆ? ಗಲಗಲ ಅನ್ನುವ ಕಾರಿಡಾರಿನಲ್ಲಿ ಸುಮ್ನೆ ನಿಂತುಕೊಂಡೇ ಇರುತ್ತಾಳಾ? ಯಾರನ್ನು ಕೇಳುತ್ತಾಳೆ? ಆಟಿಸ್ಟಿಕ್ ಮಕ್ಕಳನ್ನು ಕಾಲೇಜಿಗೆ ಕಳಿಸುವ ತಯಾರಿ ಅಂದರೆ ನನ್ನ ಪ್ರಕಾರ ಬಹುಪಾಲು ಇದೇ, ಪಾಠದ ಹೊರಗಿನ ಹೊತ್ತಿನ ತಯಾರಿ.

ಶಾಲೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಅದೇ ಕೋಣೆ, ಅದೇ ಬೆಂಚು, ಅದೇ ಮುಖಗಳು. ನಾಳೆ ಏನು ತರಬೇಕು ಅಂತ ಟೀಚರ್ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಅದು ತಪ್ಪಿದರೆ ನಮಗೆ ಫೋನ್ ಬರುತ್ತಿತ್ತು. ಅವಳ ಅರ್ಧ ಕೆಲಸವನ್ನು ಆ ವ್ಯವಸ್ಥೆಯೇ ಮಾಡುತ್ತಿತ್ತು, ಆದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಾಲೇಜಿನಲ್ಲಿ ಅದೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ. ಜಾಗ ಹೊಸದು, ಜನ ಹೊಸಬರು, ದಿನಕ್ಕೊಂದು ವೇಳಾಪಟ್ಟಿ. ಜೊತೆಗೆ ಶಾಲೆಯ ಜೊತೆ ಬಂದ ನೆರವೂ ಬಹಳ ಕಡೆ ಅಲ್ಲಿಗೇ ನಿಲ್ಲುತ್ತದೆ. ಹದಿನೆಂಟು ತುಂಬಿದ ಮೇಲೆ ಹಲವು ದೇಶಗಳಲ್ಲಿ ಕಾಲೇಜಿನವರು ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಅಪ್ಪ ಅಮ್ಮನ ಜೊತೆ ಮಾತೇ ಆಡುವುದಿಲ್ಲ. ಹಾಗಾಗಿ ನಾವು ಹಿಂದೆ ನಿಂತು ಎಲ್ಲ ಸರಿಮಾಡುವ ದಾರಿ ಮುಚ್ಚುತ್ತದೆ. ಅವಳೇ ಕೇಳಬೇಕು, ಅವಳೇ ಹೇಳಬೇಕು.

ಅದಕ್ಕೇ ನಾವು ಶಾಲೆಯ ಕೊನೆಯ ವರ್ಷದಲ್ಲೇ ಒಂದೊಂದೇ ಕೆಲಸವನ್ನು ಅವಳ ಕೈಗೆ ಕೊಡುತ್ತಾ ಬಂದೆವು. ಮೊದಲು ಡಾಕ್ಟರ ಅಪಾಯಿಂಟ್‌ಮೆಂಟ್. ಫೋನ್ ಮಾಡುವುದು ಅವಳಿಗೆ ತುಂಬಾ ಕಷ್ಟ, ಆ ಕಡೆಯವರು ಏನು ಕೇಳುತ್ತಾರೋ ಗೊತ್ತಿರುವುದಿಲ್ಲ. ಹಾಗಾಗಿ ಏನೇನು ಕೇಳಬಹುದು, ಅದಕ್ಕೆ ಏನು ಹೇಳಬೇಕು ಅಂತ ಮೊದಲೇ ಬರೆದುಕೊಂಡು, ನಾನು ಪಕ್ಕದಲ್ಲಿ ಕೂತು, ಅವಳು ಮಾತಾಡಿದಳು. ಆಮೇಲೆ ನಾನು ಪಕ್ಕದ ಕೋಣೆಗೆ ಹೋದೆ. ಈಗ ಕಾಲ್ ಆದಮೇಲೆ ನನಗೆ ತಾರೀಖು ಮಾತ್ರ ಹೇಳುತ್ತಾಳೆ. ಬ್ಯಾಂಕು, ಮಾತ್ರೆ ತರುವುದು, ಬಟ್ಟೆ ಒಗೆಯುವುದು, ಎಲ್ಲವೂ ಇದೇ ಕ್ರಮದಲ್ಲಿ. ಒಟ್ಟಿಗೆ ಎರಡು ಹೊಸ ಕೆಲಸ ಯಾವತ್ತೂ ಶುರು ಮಾಡಲಿಲ್ಲ.

ಕಾಲೇಜಿನ ಕಟ್ಟಡವನ್ನು ಮೊದಲು ಖಾಲಿ ಇದ್ದಾಗ ನೋಡಿದೆವು, ಆಮೇಲೆ ಜನ ತುಂಬಿದ್ದಾಗ. ಎರಡೂ ಬೇಕು, ಯಾಕೆಂದರೆ ಖಾಲಿ ಕಟ್ಟಡ ಗದ್ದಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕ್ಲಾಸ್ ರೂಮು ಎಲ್ಲಿ ಅನ್ನುವುದಕ್ಕಿಂತ ಟಾಯ್ಲೆಟ್ ಎಲ್ಲಿ, ಕುಡಿಯುವ ನೀರು ಎಲ್ಲಿ, ಜನ ಕಡಿಮೆ ಇರುವ ಮೆಟ್ಟಿಲು ಯಾವುದು, ಬಾಗಿಲು ಬಡಿಯುವ ಸದ್ದು ಎಲ್ಲಿ ಜಾಸ್ತಿ, ಇದನ್ನೆಲ್ಲ ಅವಳು ಫೋನಿನಲ್ಲಿ ಫೋಟೊ ತೆಗೆದುಕೊಂಡು ಗುರುತು ಹಾಕಿಕೊಂಡಳು. ಒಂದು ಕ್ಲಾಸ್ ರೂಮಿನಲ್ಲಿ ಹಳೆಯ ಕಾಲದ ಟ್ಯೂಬ್‌ಲೈಟುಗಳಿದ್ದವು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಆಯಾ ದೇಶದ ಕರೆಂಟಿಗೆ ತಕ್ಕಂತೆ ಸೆಕೆಂಡಿಗೆ 100 ಅಥವಾ 120 ಸಲ ಮಿನುಗುತ್ತದೆ. ನನಗೆ ಅದು ಕಾಣಿಸುವುದೇ ಇಲ್ಲ. ಅವಳಿಗೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯತೊಡಗುತ್ತದೆ.

ಇದನ್ನು ನಖರಾ ಅನ್ನುವವರು ಈಗಲೂ ಇದ್ದಾರೆ. ಅವರಿಗೆ ಒಂದು ವಿಷಯ ಹೇಳಬೇಕು. ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಅನ್ನುವ, ಲಕ್ಷಣ ನೋಡಿ ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿ 2013ರಲ್ಲಿ ಬಂದಾಗ, ಸದ್ದು, ಬೆಳಕು, ಸ್ಪರ್ಶ ಇಂಥವಕ್ಕೆ ವಿಪರೀತ ಹೆಚ್ಚಾಗಿ ಅಥವಾ ಕಡಿಮೆಯಾಗಿ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದರು. ಟೋಪಿ ಹಾಕಿಕೊಂಡು, ಇಯರ್‌ಪ್ಲಗ್ ಇಟ್ಟುಕೊಂಡು, ಬಾಗಿಲ ಹತ್ತಿರದ ಮೂಲೆಯಲ್ಲಿ ಕೂತರೆ ಅವಳು ಪಾಠ ಕೇಳುತ್ತಾಳೆ. ಟೋಪಿ ತೆಗಿ ಅಂದರೆ ಬೆಳಕನ್ನು ಸಹಿಸುವುದರಲ್ಲೇ ಅವಳ ಶಕ್ತಿಯೆಲ್ಲ ಹೋಗುತ್ತದೆ. ಯಾವುದು ಬೇಕು ಅಂತ ಮೇಷ್ಟ್ರು ಯೋಚಿಸಲಿ.

ಈಗ ಆ ಖಾಲಿ ಹೊತ್ತಿನ ವಿಷಯಕ್ಕೆ ಬರುತ್ತೇನೆ. ಅವಳ ಫೋನಿನಲ್ಲಿ ಒಂದು ಪುಟ್ಟ ಟಿಪ್ಪಣಿ ಇದೆ, ಅವಳೇ ಬರೆದದ್ದು: "ಕ್ಲಾಸ್ ಇಲ್ಲದಿದ್ದರೆ: ಗ್ರೂಪಿನಲ್ಲಿ ಮೆಸೇಜ್ ನೋಡು. ಐದು ನಿಮಿಷ ಕಾಯಿ. ಲೈಬ್ರರಿಗೆ ಹೋಗು, ಕಿಟಕಿ ಪಕ್ಕದ ಟೇಬಲ್. ಅದು ಖಾಲಿ ಇಲ್ಲದಿದ್ದರೆ ಹಿಂದಿನ ಮೆಟ್ಟಿಲು. ನೀರು ಕುಡಿ. ಮುಂದಿನ ಕ್ಲಾಸಿಗೆ ಹತ್ತು ನಿಮಿಷ ಮೊದಲು ಅಲಾರಂ." ಇಷ್ಟೇ. ನೀರು ಕುಡಿ ಅನ್ನುವುದನ್ನೂ ಬರೆಯಬೇಕಾ ಅಂತ ಒಬ್ಬರು ಕೇಳಿದರು. ಬರೆಯಬೇಕು. ಎಷ್ಟೋ ಆಟಿಸ್ಟಿಕ್ ಜನರಿಗೆ ಹಸಿವು, ಬಾಯಾರಿಕೆ, ಸುಸ್ತು ಇವು ತಮ್ಮ ಮೈಯಿಂದ ಸರಿಯಾಗಿ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಮೀರಿ ಹೋಗಿರುತ್ತದೆ. ಸಂಜೆ ಕಾರಣವಿಲ್ಲದೆ ಅತ್ತಳು ಅಂತ ನಮಗೆ ಕಾಣುವುದರ ಹಿಂದೆ ಬೆಳಗಿನಿಂದ ಏನೂ ತಿನ್ನದ ಹೊಟ್ಟೆ ಇರಬಹುದು.

ಇನ್ನೊಂದು ದೊಡ್ಡ ತೊಡಕು ಅಸೈನ್‌ಮೆಂಟು. "ಮುಂದಿನ ವಾರ ಯಾವಾಗಲಾದರೂ ಕೊಡಿ" ಅಂತ ಮೇಷ್ಟ್ರು ಹೇಳಿದರು. ಉದಾರವಾಗಿಯೇ ಹೇಳಿದ್ದು. ಅವಳಿಗೆ ಆ ಮಾತು ಕೈಗೆ ಸಿಗಲಿಲ್ಲ. ಯಾವಾಗಲಾದರೂ ಅಂದರೆ ಯಾವತ್ತು? ಯಾವ ಗಂಟೆಯೊಳಗೆ? ಕಾಗದದಲ್ಲಾ, ಇಮೇಲಿನಲ್ಲಾ? ಉತ್ತರ ಸಿಗದೆ ಶುರುವೇ ಆಗುವುದಿಲ್ಲ. ಕೆಲಸ ಶುರು ಮಾಡುವುದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು, ಎಷ್ಟು ಹೊತ್ತು ಬೇಕು ಅಂತ ಅಂದಾಜು ಹಾಕುವುದು, ಇವಕ್ಕೆ ಎಕ್ಸಿಕ್ಯುಟಿವ್ ಫಂಕ್ಷನ್ ಅಂತಾರೆ. ಬುದ್ಧಿವಂತಿಕೆ ಇದ್ದ ಮಾತ್ರಕ್ಕೆ ಇದೂ ಸುಲಭ ಅಂತಲ್ಲ. ಕಷ್ಟದ ಪುಸ್ತಕವನ್ನು ಒಂದೇ ಉಸಿರಿಗೆ ಓದುವ ಹುಡುಗಿ ಖಾಲಿ ಪುಟದ ಮುಂದೆ ಕೂತಲ್ಲೇ ಕೂತಿರಬಹುದು. ಹೊರಗಿನವರ ಕಣ್ಣಿಗೆ ಅದು ಸೋಮಾರಿತನ. ನಾವು ಮಾಡುವುದು ಇಷ್ಟು: ದಿನವನ್ನು ನಾವೇ ಗೊತ್ತು ಮಾಡಿಕೊಳ್ಳುತ್ತೇವೆ, ಮೊದಲ ಹೆಜ್ಜೆಯನ್ನು ನಗು ಬರುವಷ್ಟು ಚಿಕ್ಕದು ಮಾಡುತ್ತೇವೆ. ಮಂಗಳವಾರ ನಾಲ್ಕು ಗಂಟೆ, ಫೈಲ್ ತೆರೆದು ತಲೆಬರಹ ಟೈಪ್ ಮಾಡುವುದು, ಅಷ್ಟೇ. ತಲೆಬರಹ ಬಿದ್ದರೆ ಸಾಮಾನ್ಯವಾಗಿ ಮುಂದಿನದ್ದೂ ಬರುತ್ತದೆ. ಬರದಿದ್ದರೆ ಬುಧವಾರ ಇನ್ನೊಂದು ಸಾಲು. ನಾನು ಪಕ್ಕದಲ್ಲಿ ನನ್ನ ಕೆಲಸ ಹಿಡಿದು ಸುಮ್ಮನೆ ಕೂತಿರುತ್ತೇನೆ. ಮಾತಿಲ್ಲ, ವಿಚಾರಣೆ ಇಲ್ಲ. ಯಾರಾದರೂ ಜೊತೆಗೆ ಕೂತಿದ್ದರೆ ಅವಳಿಗೆ ಶುರು ಮಾಡುವುದು ಸುಲಭ.

ಆಟಿಸಂ ಇರುವುದನ್ನು ಕಾಲೇಜಿನಲ್ಲಿ ಹೇಳಬೇಕಾ ಬೇಡವಾ? ಇದು ಅವಳ ತೀರ್ಮಾನ, ನನ್ನದಲ್ಲ. ಯಾರಿಗೆ, ಎಷ್ಟು, ಯಾವಾಗ ಅನ್ನುವುದೂ ಅವಳದೇ. ಅವಳು ಆರಿಸಿಕೊಂಡದ್ದು ಹೀಗೆ: ಕಚೇರಿಗೆ ಪೂರ್ತಿ ಕಾಗದಪತ್ರ, ಮೇಷ್ಟ್ರುಗಳಿಗೆ ಬೇಕಾದಷ್ಟು, ಸಹಪಾಠಿಗಳಿಗೆ ಸದ್ಯಕ್ಕೆ ಏನೂ ಇಲ್ಲ. ಮೇಷ್ಟ್ರಿಗೆ ಅವಳು ಕಳಿಸಿದ ಮೇಲ್ ನೋಡಿ ನನಗೆ ಹೆಮ್ಮೆ ಆಯಿತು. "ನಾನು ಆಟಿಸ್ಟಿಕ್. ಬಾಯಲ್ಲಿ ಹೇಳಿದ ಸೂಚನೆಗಳು ನನಗೆ ತಪ್ಪಿಹೋಗುತ್ತವೆ. ಅಸೈನ್‌ಮೆಂಟಿನ ತಾರೀಖು ಮತ್ತು ಪುಟಗಳ ಮಿತಿಯನ್ನು ಬರೆದು ಕಳಿಸುತ್ತೀರಾ? ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೂ ಪಾಠ ಕೇಳುತ್ತಿರುತ್ತೇನೆ." ಬೇಕಾದ್ದು ಏನು ಅಂತ ನೇರವಾಗಿ ಹೇಳಿದರೆ ಕೊಡುವವರಿಗೂ ಸುಲಭ. ಒಬ್ಬ ಮೇಷ್ಟ್ರು ಆ ಸೂಚನೆಗಳನ್ನು ಈಗ ಇಡೀ ಕ್ಲಾಸಿಗೇ ಬರೆದು ಕಳಿಸುತ್ತಾರಂತೆ, ಉಳಿದ ಮಕ್ಕಳಿಗೂ ಖುಷಿ.

ಇದು ಯಾರೋ ದಯೆಯಿಂದ ಕೊಡುವ ರಿಯಾಯಿತಿ ಅಲ್ಲ ಅನ್ನುವುದನ್ನು ಅವಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಕಾಲೇಜು ಮಟ್ಟದ ಓದಿನಲ್ಲೂ ತಾರತಮ್ಯ ಇರಬಾರದು, ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತದೆ. ಕೇಳಲು ಸಂಕೋಚ ಬೇಡ.

ಗೆಳೆತನದ ಬಗ್ಗೆ ಎಲ್ಲರೂ ಸಲಹೆ ಕೊಡುತ್ತಾರೆ. ಎಲ್ಲರ ಜೊತೆ ಬೆರಿ, ನಗು, ಮಾತಾಡು. ಆ ಸಲಹೆ ನನಗೆ ಹಿಡಿಸುವುದಿಲ್ಲ. ಡೇಮಿಯನ್ ಮಿಲ್ಟನ್ ಅನ್ನುವ, ಸ್ವತಃ ಆಟಿಸ್ಟಿಕ್ ಆದ ಬ್ರಿಟಿಷ್ ವಿದ್ವಾಂಸರು 2012ರಲ್ಲಿ ಒಂದು ಮಾತು ಮುಂದಿಟ್ಟರು: ಆಟಿಸ್ಟಿಕ್ ಜನರಿಗೆ ಬೇರೆಯವರು ಅರ್ಥವಾಗದಷ್ಟೇ ಬೇರೆಯವರಿಗೂ ಆಟಿಸ್ಟಿಕ್ ಜನ ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆ ಇದೆ. ಮನೆಯಲ್ಲಿ ನಾನು ದಿನವೂ ನೋಡುವುದು ಇದನ್ನೇ. ಹರಟೆಯ ಗುಂಪಿನಲ್ಲಿ ಅವಳು ಕಳೆದುಹೋಗುತ್ತಾಳೆ. ಅದೇ ಖಗೋಳ ಕ್ಲಬ್ಬಿನಲ್ಲಿ ದೂರದರ್ಶಕದ ಬಗ್ಗೆ ಮಾತು ಬಂದರೆ ಅವಳನ್ನು ನಿಲ್ಲಿಸುವುದೇ ಕಷ್ಟ, ಕೇಳುವವರೂ ಇದ್ದಾರೆ. ಗ್ರೂಪ್ ಪ್ರಾಜೆಕ್ಟಿನಲ್ಲಿ ಮಾತ್ರ ಮೊದಲ ದಿನವೇ "ನನ್ನ ಭಾಗ ಯಾವುದು, ಯಾವತ್ತಿಗೆ ಬೇಕು, ಬರೆದು ಹಾಕಿ" ಅಂತ ಕೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾಳೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಮಕ್ಕಳನ್ನು ಬಳಸಿಕೊಳ್ಳುವವರು ಇರುತ್ತಾರೆ. ಹಣ ಕೇಳಿದರೆ, ಪಾಸ್‌ವರ್ಡ್ ಕೇಳಿದರೆ, ಯಾರಿಗೂ ಹೇಳಬೇಡ ಅಂದರೆ, ಮೈ ಮುಟ್ಟಿದರೆ ಏನು ಮಾಡಬೇಕು ಅನ್ನುವುದನ್ನು ಸುತ್ತಿ ಬಳಸಿ ಹೇಳದೆ ಬಿಡಿಸಿ ಮಾತಾಡಿದ್ದೇವೆ. ಅರ್ಥ ಮಾಡಿಕೊಳ್ಳುತ್ತಾಳೆ ಬಿಡು ಅಂತ ಬಿಡುವ ವಿಷಯ ಇದಲ್ಲ.

ಮನೆಗೆ ಬಂದ ಮೇಲಿನ ಎರಡು ಗಂಟೆ ಅವಳದು. ಬಾಗಿಲು ಮುಚ್ಚಿರುತ್ತದೆ, ಲೈಟು ಆರಿರುತ್ತದೆ. "ಹೇಗಿತ್ತು ಇವತ್ತು?" ಅಂತ ನಾನು ಕೇಳುವುದಿಲ್ಲ, ನೆಂಟರಿಗೂ ಕೇಳಲು ಬಿಡುವುದಿಲ್ಲ. ದಿನವಿಡೀ ಎಲ್ಲರ ಹಾಗೆ ಕಾಣಿಸಲು ಅವಳು ಮಾಡುವ ಶ್ರಮ ಸಣ್ಣದಲ್ಲ. ವಿಶೇಷವಾಗಿ ಹೆಣ್ಣುಮಕ್ಕಳು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂದರೆ ಎಷ್ಟೋ ಜನರಿಗೆ ಆಟಿಸಂ ಇರುವುದು ತುಂಬಾ ತಡವಾಗಿ ಗೊತ್ತಾಗುತ್ತದೆ. ಆ ಶ್ರಮಕ್ಕೆ ಬೆಲೆ ತೆರಬೇಕಾಗುತ್ತದೆ. ಸಂಶೋಧಕರಾದ ಡೋರಾ ರೇಮೇಕರ್ ಮತ್ತು ಸಂಗಡಿಗರು 2020ರಲ್ಲಿ ಆಟಿಸ್ಟಿಕ್ ಬರ್ನ್‌ಔಟ್ ಬಗ್ಗೆ ಆಟಿಸ್ಟಿಕ್ ಜನರನ್ನೇ ಕೇಳಿ ಬರೆದಿದ್ದಾರೆ: ತಿಂಗಳುಗಟ್ಟಲೆ ಬಿಡದ ಬಳಲಿಕೆ, ಮೊದಲು ಬರುತ್ತಿದ್ದ ಕೆಲಸಗಳೇ ಬರದಾಗುವುದು, ಸದ್ದು ಬೆಳಕು ಇನ್ನೂ ಅಸಹನೀಯವಾಗುವುದು. ಹಲ್ಲುಜ್ಜಲು, ಬಟ್ಟೆ ಬದಲಿಸಲು, ಮಾತಾಡಲು ಕಷ್ಟ ಆಗತೊಡಗಿದರೆ ಗದರಬೇಡಿ, ಹೊರೆ ಇಳಿಸಿ. ಕಾಲೇಜು ಬಿಟ್ಟರೆ ಸಾಕು ಅನ್ನುವ ಮಟ್ಟಕ್ಕೆ ಹೋಗುವ ಮೊದಲೇ ಒಂದೆರಡು ವಿಷಯ ಮುಂದಿನ ಸೆಮಿಸ್ಟರ್‌ಗೆ ತಳ್ಳಬಹುದಾ ಅಂತ ಕೇಳಿ. ನಾವು ಮೊದಲ ಸೆಮಿಸ್ಟರಿಗೇ ಕಡಿಮೆ ವಿಷಯ ತೆಗೆದುಕೊಂಡೆವು. ಒಂದು ವರ್ಷ ಜಾಸ್ತಿ ಆದರೆ ಆಗಲಿ, ಅವಸರ ಯಾರಿಗಿದೆ?

ಸದ್ಯ ಪರೀಕ್ಷೆಯ ಅರ್ಜಿ ನಡೆಯುತ್ತಿದೆ. ಬೇರೆ ಕೋಣೆ, ಹೆಚ್ಚುವರಿ ಸಮಯ, ಇಯರ್‌ಪ್ಲಗ್‌ಗೆ ಅನುಮತಿ, ಇಷ್ಟನ್ನು ಕೇಳಿದ್ದಾಳೆ. ಅರ್ಜಿ ಅವಳೇ ಬರೆದಳು, ಆದರೆ ಶಾಲೆಯಲ್ಲಿದ್ದಾಗ ಮಾಡಿಸಿದ ರಿಪೋರ್ಟು ಹಳೆಯದು, ಹೊಸದು ಬೇಕು ಅಂದಿದ್ದಾರೆ. ಹೊಸ ಮೌಲ್ಯಮಾಪನಕ್ಕೆ ಕಾಯಬೇಕಾದ ಸಾಲು ಉದ್ದ ಇದೆ, ಅಷ್ಟರವರೆಗೆ ತಾತ್ಕಾಲಿಕವಾಗಿ ಹಳೆಯದನ್ನೇ ಒಪ್ಪಿಕೊಳ್ಳಿ ಅಂತ ಇನ್ನೊಂದು ಮೇಲ್ ಹೋಗಿದೆ. ಮುಂದಿನ ವರ್ಷ ಕಾಲೇಜಿಗೆ ಹೋಗುವ ಮಗು ನಿಮ್ಮ ಮನೆಯಲ್ಲಿದ್ದರೆ ಆ ರಿಪೋರ್ಟಿನ ತಾರೀಖನ್ನು ಈಗಲೇ ತೆಗೆದು ನೋಡಿ, ಹಳೆಯದಾಗಿದ್ದರೆ ಇವತ್ತೇ ಅಪಾಯಿಂಟ್‌ಮೆಂಟ್ ಕೇಳಿ. ಆ ಫೋನನ್ನು ಮಗುವೇ ಮಾಡಿದರೆ ಇನ್ನೂ ಒಳ್ಳೆಯದು.