ಸೀನಿಯಾರಿಟಿ ನಂಬರ್‌ಗಾಗಿ ಯೂನಿಯನ್ ಮೇಲೆ ಕೇಸು

12 ನವೆಂಬರ್ 2024, ಮಂಗಳವಾರ

ವಿಸ್ತಾರಾ ಇವತ್ತಿನಿಂದ ಏರ್ ಇಂಡಿಯಾ. ಎಲ್ಲರೂ ಫೋಟೋ ಹಾಕಿ ಟಾಟಾ ಹೇಳಿದ್ದೂ ಆಯಿತು. ಊಟ ಹೇಗಿರುತ್ತೋ, ಸೀಟು ಹೇಗಿರುತ್ತೋ ಅನ್ನೋ ಚಿಂತೆ ಜನರದ್ದು. ನನಗೆ ಮಾತ್ರ ಬೇರೆ ಕುತೂಹಲ. ಎರಡು ಕಂಪನಿಯ ಪೈಲಟ್‌ಗಳ ಪಟ್ಟಿ ಒಂದಾಗುವಾಗ ಯಾರು ಮೇಲೆ, ಯಾರು ಕೆಳಗೆ?

ಅಮೆರಿಕದಲ್ಲಿ ಇದೇ ವಿಷಯಕ್ಕೆ ಪೈಲಟ್‌ಗಳು ತಮ್ಮ ಯೂನಿಯನ್ ಮೇಲೆಯೇ ಕೇಸು ಹಾಕಿದ್ದರು ಅಂತ ಬ್ಯಾಂಕಿನಲ್ಲಿದ್ದ ಚಿಕ್ಕಪ್ಪನಿಗೆ ಹೇಳಿದೆ. "ಚಂದಾ ಕೊಟ್ಟವರೇ ಯೂನಿಯನ್ನನ್ನ ಕೋರ್ಟಿಗೆ ಎಳೆದರಾ? ಭೇಷ್" ಅಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ಅಲ್ಲಿ ಪೈಲಟ್‌ಗೆ ಸೀನಿಯಾರಿಟಿ ನಂಬರೇ, ಅಂದರೆ ಕಂಪನಿಯ ಪಟ್ಟಿಯಲ್ಲಿ ಎಷ್ಟನೆಯವನು ಅನ್ನೋದೇ, ಸರ್ವಸ್ವ. ಯಾವ ವಿಮಾನ, ಯಾವ ಊರಿನ ಬೇಸ್, ಕ್ಯಾಪ್ಟನ್ ಸೀಟು ಯಾವಾಗ, ಕ್ರಿಸ್‌ಮಸ್ ದಿನ ಮನೆಯಲ್ಲಿ ಇರೋರು ಯಾರು, ಜನ ಕಡಿಮೆ ಮಾಡುವಾಗ ಮೊದಲು ಕೆಲಸ ಕಳೆದುಕೊಳ್ಳೋರು ಯಾರು, ಎಲ್ಲಾ ಅದರ ಮೇಲೇ. ಇನ್ನೊಂದು ಕಂಪನಿಗೆ ಹೋದರೆ ಇಪ್ಪತ್ತು ವರ್ಷದ ಅನುಭವ ಇದ್ದರೂ ಸಾಲಿನ ಕೊನೆಗೇ ನಿಲ್ಲಬೇಕು.

2005ರಲ್ಲಿ ಯುಎಸ್ ಏರ್‌ವೇಸ್, ಅಮೆರಿಕ ವೆಸ್ಟ್ ಎರಡೂ ವಿಲೀನವಾದವು. ಮೊದಲನೆಯದು ಪೂರ್ವ ಭಾಗದ ಹಳೇ ಕಂಪನಿ. ಎರಡನೇ ಸಲ ದಿವಾಳಿ ಕೋರ್ಟಿನಲ್ಲಿತ್ತು. ಪಟ್ಟಿಯಲ್ಲಿ ಸುಮಾರು 5,000 ಪೈಲಟ್‌ಗಳು, ಅವರಲ್ಲಿ ಬಹಳ ಜನ ಲೇಆಫ್ ಆಗಿ ಮನೆಯಲ್ಲಿ ಕೂತಿದ್ದರು. ಅಮೆರಿಕ ವೆಸ್ಟ್ ಪಶ್ಚಿಮ ಭಾಗದ ಅರಿಜೋನಾ ಕಡೆಯದು, ಚಿಕ್ಕದು, ಪೈಲಟ್‌ಗಳು ಸುಮಾರು 1,900. ಇಬ್ಬರಿಗೂ ಒಂದೇ ಯೂನಿಯನ್, ಆಲ್ಪಾ. ಮಾತುಕತೆ ಮುರಿದು ಬಿತ್ತು, ವಿಷಯ ಮಧ್ಯಸ್ಥರಾದ ಜಾರ್ಜ್ ನಿಕೊಲೌ ಮುಂದೆ ಹೋಯಿತು. ಅವರು ಹೇಳಿದ್ದೇ ಅಂತಿಮ ಅಂತ ಎರಡೂ ಕಡೆ ಮೊದಲೇ ಒಪ್ಪಿದ್ದರು.

2007ರ ಮೇನಲ್ಲಿ ಪಟ್ಟಿ ಬಂತು. ಪೂರ್ವದವರಲ್ಲಿ ದೊಡ್ಡ ವಿಮಾನ ಹಾರಿಸುವ ಸುಮಾರು ಐನೂರು ಜನ ಎಲ್ಲರಿಗಿಂತ ಮೇಲೆ. ಲೇಆಫ್ ಆದವರು ಎಲ್ಲರಿಗಿಂತ ಕೆಳಗೆ. ನಡುವಿನವರನ್ನು ಲೆಕ್ಕ ಹಾಕಿ ಸೇರಿಸಿದ್ದರು. ಹೀಗಾಗಿ 17 ವರ್ಷದ ಹಿಂದೆ ಸೇರಿದ್ದ ಪೂರ್ವದ ಪೈಲಟ್, ಪಶ್ಚಿಮದಲ್ಲಿ ಈಚೆಗೆ ತಾನೇ ಸೇರಿದವನ ಕೆಳಗೆ ಬಂದ. ಹೊಟ್ಟೆ ಉರಿಯೋದು ಸಹಜ, ಅಲ್ವಾ? ಆದರೆ ನಿಕೊಲೌ ಅವರ ಲೆಕ್ಕವೂ ಅರ್ಥವಾಗುತ್ತದೆ. ವಿಲೀನದ ದಿನ ಒಬ್ಬನಿಗೆ ಕೆಲಸ ಇತ್ತು, ಇನ್ನೊಬ್ಬನಿಗೆ ಇರಲಿಲ್ಲ.

ಪೂರ್ವದವರು ಆಮೇಲೆ ಮಾಡಿದ್ದು ನೋಡಿ. ವೋಟು ತಮ್ಮ ಕಡೆಯೇ ಜಾಸ್ತಿ, ಹಾಗಾಗಿ ಯೂನಿಯನ್ನನ್ನೇ ಬದಲಾಯಿಸಿಬಿಟ್ಟರು! ಯುಸಾಪಾ ಅಂತ ಹೊಸದೊಂದು ಕಟ್ಟಿ, 2008ರ ಏಪ್ರಿಲ್‌ನಲ್ಲಿ ಚುನಾವಣೆ ಗೆದ್ದು, ಆಲ್ಪಾವನ್ನು ಹೊರಗೆ ಹಾಕಿದರು. ಸೇರಿದ ತಾರೀಖಿನ ಪ್ರಕಾರವೇ ಪಟ್ಟಿ ಅನ್ನೋದು ಅದರ ಗುರಿ. ಪಶ್ಚಿಮದವರಿಗೂ ಕಾನೂನಿನ ಪ್ರಕಾರ ಅದೇ ಪ್ರತಿನಿಧಿ. ತಮ್ಮ ಪರ ಮಾತಾಡಬೇಕಾದ ಯೂನಿಯನ್ನೇ ತಮ್ಮನ್ನು ಕೆಳಗಿಳಿಸಲು ಹೊರಟರೆ ಕೋರ್ಟು ಬಿಟ್ಟು ಬೇರೆ ದಾರಿ ಏನಿದೆ?

ಅವರಿಗೆ ಆಸರೆಯಾದದ್ದು 1944ರ ಒಂದು ತೀರ್ಪು. ರೈಲು ಎಂಜಿನ್ನಿನ ಬೆಂಕಿ ನೋಡಿಕೊಳ್ಳುತ್ತಿದ್ದ ಸ್ಟೀಲ್ ಅನ್ನೋ ಕಪ್ಪು ರೈಲ್ವೆ ಫೈರ್‌ಮನ್‌ನನ್ನು ಯೂನಿಯನ್ ಸದಸ್ಯನಾಗಿ ಸೇರಿಸಿಕೊಂಡಿರಲಿಲ್ಲ. ಆದರೆ ಅವನ ಹೆಸರಿನಲ್ಲೂ ಒಪ್ಪಂದ ಮಾಡಿಕೊಂಡು, ಬಿಳಿಯರಿಗಾಗಿ ಅವನನ್ನು ಹಿಂದಕ್ಕೆ ತಳ್ಳಿತ್ತು. ಬಹುಮತ ಇದೆ ಅಂತ ಯೂನಿಯನ್ ಹೀಗೆ ಮಾಡುವಂತಿಲ್ಲ, ಎಲ್ಲರನ್ನೂ ನ್ಯಾಯವಾಗಿ ಪ್ರತಿನಿಧಿಸಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು.

2009ರಲ್ಲಿ ಫೀನಿಕ್ಸ್‌ನ ಜ್ಯೂರಿ ಪಶ್ಚಿಮದವರ ಪರ ನಿಂತಿತು. ಮರುವರ್ಷ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಹೊಸ ಒಪ್ಪಂದವೇ ಆಗಿಲ್ಲ, ಅನ್ಯಾಯ ಆಗಿದೆ ಅಂತ ಈಗಲೇ ಹೇಗೆ ಹೇಳೋದು, ಕೇಸು ಇನ್ನೂ ಹಣ್ಣಾಗಿಲ್ಲ ಅಂತ. ಓದಿ ನನಗಂತೂ ತಲೆ ಕೆಟ್ಟಿತು. ಒಪ್ಪಂದ ಆಗದ ಹಾಗೆ ಎಳೆದಾಡುತ್ತಿದ್ದರೆ ಕೇಸು ಹಣ್ಣಾಗೋದೇ ಇಲ್ಲವಲ್ಲ! ಅಷ್ಟೂ ವರ್ಷ ಎರಡೂ ಕಡೆಯವರು ಬೇರೆ ಬೇರೆಯಾಗೇ ಹಾರಾಡಿದರು. ಒಂದೇ ಕಂಪನಿ, ಆದರೆ ಪೂರ್ವದ ಕ್ಯಾಪ್ಟನ್ ಪಕ್ಕ ಪಶ್ಚಿಮದ ಕೋ-ಪೈಲಟ್ ಕೂರುವ ಹಾಗಿಲ್ಲ. ತಮಾಷೆ ಅಂದರೆ ಪೂರ್ವದವರ ಸಂಬಳ ದಿವಾಳಿ ಕಾಲದ ಒಪ್ಪಂದದಲ್ಲೇ ನಿಂತಿತ್ತು. ಹಟಕ್ಕೆ ಅವರೂ ಕೈಯಿಂದ ದುಡ್ಡು ಕಟ್ಟಿದ ಹಾಗೇ ಆಯಿತು.

ಟಿಡಬ್ಲ್ಯುಎ ಪೈಲಟ್‌ಗಳ ಕಥೆ ಇದಕ್ಕಿಂತ ಹಿಂದಿನದು. 2001ರಲ್ಲಿ ಅವರ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಿತು, ಅರ್ಧದಷ್ಟು ಜನ ಪಟ್ಟಿಯ ಕೊನೆಗೆ ಬಿದ್ದರು. ಅಮೆರಿಕನ್‌ನ ಪೈಲಟ್‌ಗಳನ್ನು ಒಲಿಸಿ ತನ್ನ ಸದಸ್ಯರನ್ನಾಗಿ ಮಾಡಿಕೊಳ್ಳೋ ಆಸೆಗೆ ನಮ್ಮದೇ ಯೂನಿಯನ್ ಆಲ್ಪಾ ನಮ್ಮನ್ನು ಬಲಿ ಕೊಟ್ಟಿತು ಅಂತ ಕೇಸು ಹಾಕಿದರು. 2011ರಲ್ಲಿ ಜ್ಯೂರಿ ಅವರ ಮಾತು ಒಪ್ಪಿತು, 2014ರಲ್ಲಿ 5.3 ಕೋಟಿ ಡಾಲರ್‌ಗೆ ರಾಜಿಯಾಯಿತು. ದುಡ್ಡು ಬಂತು, ನಂಬರ್ ಬರಲಿಲ್ಲ.

ಅಮೆರಿಕ ವೆಸ್ಟ್‌ನವರಿಗೆ ಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 2015ರಲ್ಲಿ. ಯುಸಾಪಾ ತನ್ನ ಹೊಣೆ ಮುರಿದಿದೆ ಅಂತ ಅದೇ ಮೇಲಿನ ಕೋರ್ಟು ಹೇಳಿತು. ನನ್ನ ಪ್ರಕಾರ ಸರಿಯಾದ ತೀರ್ಪು. ಅಂಪೈರ್ ಹೇಳಿದ್ದು ಅಂತಿಮ ಅಂತ ಒಪ್ಪಿ ಆಡಲು ಇಳಿದ ಮೇಲೆ, ಔಟಾದಾಗ ಅಂಪೈರನ್ನೇ ಬದಲಿಸುತ್ತೇನೆ ಅಂದರೆ ಹೇಗೆ? ಆದರೆ ಅಷ್ಟರಲ್ಲಿ ಯುಎಸ್ ಏರ್‌ವೇಸ್ ಅಮೆರಿಕನ್ ಜೊತೆ ಮತ್ತೆ ವಿಲೀನವಾಗಿ, ಯುಸಾಪಾ ಜಾಗಕ್ಕೆ ಅಮೆರಿಕನ್‌ನವರ ಯೂನಿಯನ್ ಬಂದಾಗಿತ್ತು. ಎಲ್ಲರನ್ನೂ ಸೇರಿಸಿದ ಪಟ್ಟಿ ಬರುವಾಗ 2016ರ ಸೆಪ್ಟೆಂಬರ್. ಅಲ್ಲಿ ಏರ್‌ಲೈನ್ ಪೈಲಟ್ 65ರ ತನಕ ಹಾರಿಸಬಹುದು. ಅಂದರೆ 2005ರಲ್ಲಿ 55 ದಾಟಿದ್ದವರಿಗೆ ಈ ಜಗಳದಿಂದ ಯಾವ ನಂಬರೂ ಸಿಗಲಿಲ್ಲ.